ಭಾವಿ ಸಂಸದರಿಗೆ ಖಜಾಂಚಿಯ ಬಿನ್ನಹ

ಕೊಡುಗೈ ದಾನಿ, ಯುವಕರ ಕಣ್ಮಣಿ, ಬಡವರ ಬಂಧು ಹಾಗೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಟಿಕೆಟ್ ಆಕಾಂಕ್ಷಿಗಳಾದ ಸಾಹೇಬರ ಸನ್ನಿಧಿಗೆ,

ಅಂಕೋಲೆ ಕಡೆಯ ಒಂದು ಊರಿನ ಗಣೇಶೋತ್ಸವ ಸಮಿತಿಯ ಖಜಾಂಚಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬಿರುದುಗಳಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಮನ್ನಿಸಬೇಕು. ಹೆದ್ದಾರಿ ಪಕ್ಕದ ಫ್ಲೆಕ್ಸ್ ನೋಡಿ ಬರೆದುಕೊಂಡದ್ದು, ಕೆಳಗಿನ ಸಾಲುಗಳನ್ನು ದನ ತಿಂದಿದೆ.

ತಮ್ಮ ಪ್ರತಿಷ್ಠಾನದವರು ಮನೆಮನೆಗೆ ಹಂಚಿದ ಗೋಡೆ ಗಡಿಯಾರ ತಲುಪಿತು. ನಡುವೆ ತಮ್ಮ ನಗುಮುಖ, ಸುತ್ತ ಅಂಕಿಗಳು. ಮುಳ್ಳುಗಳು ಸರಿಯಾಗಿ ಮೂಗಿನ ಕೆಳಗಿಂದ ಹೊರಡುವುದರಿಂದ ಒಂಬತ್ತೂಕಾಲಕ್ಕೆ ತಮಗೆ ಮೀಸೆ ಮೂಡುತ್ತದೆ, ಆರೂವರೆಗೆ ಗಡ್ಡ. ಸಣ್ಣ ಮಕ್ಕಳಿಗೆ ಹೊತ್ತು ನೋಡಲು ಕಲಿಸುವುದು ಸುಲಭವಾಗಿದೆ.

ಯಕ್ಷಗಾನಕ್ಕೆ ಕೊಟ್ಟ ಸಹಾಯಧನವನ್ನೂ ಜಮೆಗೆ ಹಿಡಿದಿದ್ದೇನೆ. ಅಂದಿನ ಆಟ ‘ಭಸ್ಮಾಸುರ ಮೋಹಿನಿ’. ಅಸುರ ಚೌಕಿಯಲ್ಲಿ ಬಣ್ಣ ಹಚ್ಚಿ ಕೂತಿದ್ದ. ತಾವು ರಂಗಸ್ಥಳ ಹತ್ತಿ ‘ಎರಡೇ ಮಾತು’ ಎಂದಿರಿ. ಭಾಗವತರು ನಡುನಡುವೆ ಜಾಗಟೆ ಮುಟ್ಟಿ ನೋಡುತ್ತಿದ್ದರು. ಭಸ್ಮಾಸುರನಿಗೆ ವರ ಸಿಗುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರು ನಾವು ಸಮಿತಿಯವರು, ಏಕೆಂದರೆ ಕುರ್ಚಿ ಎಣಿಸಿ ವಾಪಸು ಕೊಡುವುದಿತ್ತು. ವರ ಪಡೆದವನು ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೊರಡುವ ಕತೆ ಅದು. ಪ್ರಸಂಗ ಆರಿಸಿದ್ದು ನಾನಲ್ಲ, ಕಾರ್ಯದರ್ಶಿ.

ತಮ್ಮ ಓಡಾಟ ನೋಡಿದರೆ ಅಯ್ಯೋ ಅನ್ನಿಸುತ್ತದೆ. ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳ ಸಾಲದೆಂದು ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳನ್ನೂ ಈ ಕ್ಷೇತ್ರಕ್ಕೆ ಸೇರಿಸಿಟ್ಟಿದ್ದಾರೆ. ಖಾನಾಪುರದಲ್ಲಿ ಪೇಟ ಸುತ್ತಿ ಮರಾಠಿಯಲ್ಲಿ ನಾಲ್ಕು ಮಾತು, ಕಿತ್ತೂರಿನಲ್ಲಿ ಖಡ್ಗ ಎತ್ತಿ ರಾಣಿ ಚೆನ್ನಮ್ಮನಿಗೆ ಜೈಕಾರ, ಶಿರಸಿಯಲ್ಲಿ ಅಡಿಕೆ ಹಾರ, ನಮ್ಮ ಬಂದರಿನಲ್ಲಿ ಬಂಗಡೆ ಬುಟ್ಟಿ. ಎಲ್ಲ ಫೋಟೋಗಳೂ ವಾಟ್ಸಾಪಿಗೆ ಬಂದಿವೆ. ಬಂದರಿನ ಫೋಟೋದಲ್ಲಿ ಒಂದು ಕೈಯಲ್ಲಿ ಬಂಗಡೆ ಇದೆ, ಇನ್ನೊಂದು ಕೈಯ ಕರವಸ್ತ್ರ ಮೂಗಿನ ಮೇಲಿದೆ. ಮುಂದಿನ ಸಲ ಫೋಟೋದವನಿಗೆ ಸ್ವಲ್ಪ ತಡೆಯಲು ಹೇಳಬೇಕು. ಮೀನು ಮಾರುವ ಹೆಂಗಸರು ಇನ್ನೂ ನಗುತ್ತಿದ್ದಾರೆ.

ಖಜಾಂಚಿಯಾದ್ದರಿಂದ ನನಗೆ ಲೆಕ್ಕದ ಚಟ. ನಮ್ಮ ರಾಜ್ಯದಲ್ಲಿ ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. 2020ರವರೆಗೆ ಅದು 70 ಲಕ್ಷವಿತ್ತು. ಕ್ಷೇತ್ರದಲ್ಲಿ ಸುಮಾರು 16 ಲಕ್ಷ ಮತದಾರರು. ತಲೆಗೆ ಆರು ರೂಪಾಯಿ ಬಿತ್ತು. ನಮ್ಮೂರ ಹೋಟೆಲಿನಲ್ಲಿ ಬೈಟು ಚಾ ಕುಡಿಯುವುದಕ್ಕೂ ಸಾಲದು. ಹಾಗಿರುವಾಗ ಗಡಿಯಾರ ಹೇಗೆ ಬಂತು, ಕಣ್ಣಿನ ತಪಾಸಣಾ ಶಿಬಿರ ಹೇಗೆ ಆಯಿತು, ಧರ್ಮಸ್ಥಳಕ್ಕೆ ಬಸ್ಸು ಹೇಗೆ ಹೊರಟಿತು ಎಂದು ತಲೆ ಕೆರೆದುಕೊಂಡೆ. ವಕೀಲರೊಬ್ಬರು ಬಿಡಿಸಿ ಹೇಳಿದರು. 1951ರ ಜನಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿನಲ್ಲಿ ಖರ್ಚಿನ ಲೆಕ್ಕ ಶುರುವಾಗುವುದೇ ನಾಮಪತ್ರದ ದಿನದಿಂದ, ಮುಗಿಯುವುದು ಫಲಿತಾಂಶದ ದಿನ. ಅದಕ್ಕೆ ಮೊದಲು ಮಾಡಿದ್ದು ಸಮಾಜಸೇವೆ. ಸಮಾಜಸೇವೆಗೆ ಮಿತಿ ಹಾಕಲು ಯಾವ ಸರ್ಕಾರಕ್ಕೆ ಮನಸ್ಸು ಬಂದೀತು?

ನಾಮಪತ್ರ ಸಲ್ಲಿಸಿದ ಮೇಲೆ ಕತೆ ಬೇರೆ. ಅದೇ ಚಾ, ಅದೇ ಕುರ್ಚಿ, ಅದೇ ಹೂವಿನ ಹಾರಕ್ಕೆ ಜಿಲ್ಲಾ ಚುನಾವಣಾಧಿಕಾರಿಗಳ ದರಪಟ್ಟಿ ಇರುತ್ತದೆ. ವಿಡಿಯೋ ತಂಡ ಬೆನ್ನಿಗೆ ಬೀಳುತ್ತದೆ. ವೆಚ್ಚ ವೀಕ್ಷಕರ ಕಡೆಯವರು ತಮ್ಮದೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅಭ್ಯರ್ಥಿಯ ಲೆಕ್ಕದ ಜೊತೆ ತಾಳೆ ನೋಡುತ್ತಾರೆ. ಅಲ್ಲಿಯವರೆಗೆ ಉಕ್ಕಿ ಹರಿಯುತ್ತಿದ್ದ ಕರುಣೆ ಆ ದಿನ ತಟ್ಟನೆ ಬತ್ತುವುದನ್ನು ನಾವು ಪ್ರತಿ ಚುನಾವಣೆಯಲ್ಲೂ ಕಂಡಿದ್ದೇವೆ. ಆದಕಾರಣ ಬೇಡಿಕೆ ಪಟ್ಟಿಯನ್ನು ನಾಮಪತ್ರಕ್ಕೆ ಸಾಕಷ್ಟು ಮೊದಲೇ ತಲುಪಿಸುವುದು ನಮ್ಮ ಸಮಿತಿಯ ಪದ್ಧತಿ.

ಇನ್ನು ಆಂಬುಲೆನ್ಸ್. ತಾವು ದಾನ ಮಾಡಿದ ಗಾಡಿಯ ಎರಡೂ ಮಗ್ಗುಲಿಗೆ, ಹಿಂದಿನ ಬಾಗಿಲಿಗೆ, ಬಾನೆಟ್ಟಿಗೆ ತಮ್ಮ ಭಾವಚಿತ್ರ. ಒಳಗೆ ಮಲಗಿದವನಿಗೆ ಕಾಣಲಿಕ್ಕಿಲ್ಲವೆಂದು ಚಾವಣಿಗೂ ಒಂದು ಅಂಟಿಸಿದ್ದಾರೆ. ರೋಗಿ ಕಣ್ಣು ಬಿಟ್ಟರೆ ತಾವು ಕೈಮುಗಿದು ನಿಂತಿರುತ್ತೀರಿ. ಯಾವ ಲೋಕಕ್ಕೆ ಬಂದೆನಪ್ಪಾ ಎಂದು ಹೆದರಿದವರಿದ್ದಾರೆ. ಗಾಡಿ ಚೆನ್ನಾಗಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಹೋಗುವುದೆಲ್ಲಿಗೆ? ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ ತಲೆಗೆ ಪೆಟ್ಟು ಬಿದ್ದವರನ್ನು, ಎದೆ ಹಿಡಿದುಕೊಂಡವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಹೊತ್ತುಕೊಂಡು ಓಡುವುದು ನಮಗೆ ರೂಢಿಯಾಗಿದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿಗೆ ಅಪ್ಪಳಿಸಿ ಜನ ಸತ್ತರು. ಆಗ ಜಿಲ್ಲೆಯ ಹುಡುಗರು ‘ನಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ’ ಎಂದು ಎಬ್ಬಿಸಿದ ಕೂಗು ಬೆಂಗಳೂರಿಗೂ ಕೇಳಿತ್ತು. ಆಸ್ಪತ್ರೆ ಕೇಳಿದವರಿಗೆ ತಾವು ಆಂಬುಲೆನ್ಸ್ ಕೊಟ್ಟಿರಿ. ಜಿಲ್ಲೆ ದಾಟುವವರೆಗಾದರೂ ಉಸಿರು ಹಿಡಿದುಕೊಳ್ಳಿ ಎಂಬ ಕಾಳಜಿ ಅದರಲ್ಲಿ ಕಾಣುತ್ತದೆ.

ಮೊನ್ನೆ ನಮ್ಮ ಕೇರಿಯ ಗಟಾರ ನೋಡಲು ಬಂದಿರಿ. ಪಂಚೆ ಎತ್ತಿ ಕಟ್ಟಿ, ಸಲಿಕೆ ಹಿಡಿದು, ಕ್ಯಾಮೆರಾ ಆಫ್ ಆಗುವವರೆಗೂ ಕೆಸರು ಎತ್ತಿದಿರಿ. ಉಳಿದದ್ದನ್ನು ಪಂಚಾಯಿತಿಯ ಪೌರಕಾರ್ಮಿಕರು ಮುಗಿಸಿದರು. ನಿಜ ಹೇಳಬೇಕೆಂದರೆ ಗಟಾರ ಗ್ರಾಮ ಪಂಚಾಯಿತಿಯದ್ದು. ತಾವು ಹೋಗಬೇಕೆಂದಿರುವ ದೆಹಲಿಯ ಆ ಮನೆಯಲ್ಲಿ ಪ್ರಶ್ನೋತ್ತರ ವೇಳೆಗೆ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳನ್ನು ಪಟ್ಟಿ ಮಾಡುತ್ತಾರೆ. ಹುಬ್ಬಳ್ಳಿ–ಅಂಕೋಲಾ ರೈಲು ಎಲ್ಲಿಯವರೆಗೆ ಬಂತು ಎಂದು ಕೇಳುವ ಜಾಗ ಅದು. ತೊಂಬತ್ತರ ದಶಕದಿಂದ ಬರುತ್ತಲೇ ಇರುವ ರೈಲು ಸ್ವಾಮಿ. ಹಾಗೆಂದು ತಪ್ಪು ತಮ್ಮೊಬ್ಬರದೇ ಅನ್ನಲಾರೆ. ತಾವು ಬಂದಾಗ ನಾವೇನು ರೈಲಿನ ಮಾತು ಎತ್ತಿದೆವೇ? ಶಾಮಿಯಾನ ಕೇಳಿದೆವು.

ಅಂಕೋಲೆಯವರಿಗೆ ಇನ್ನೊಂದು ಕೆಟ್ಟ ಅಭ್ಯಾಸವಿದೆ, ಹಳಬರ ಜೊತೆ ತೂಗಿ ನೋಡುವುದು. ರೈತರ ಪರ ಹೋರಾಡಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದರು. ಪಕ್ಷೇತರರಾಗಿ ಲೋಕಸಭೆಗೆ ಗೆದ್ದದ್ದು 1967ರಲ್ಲಿ. ನಡುವೆ ಒಂದು ವನವಾಸದಷ್ಟು ಕಾಲ. ತಮ್ಮ ಪ್ರತಿಷ್ಠಾನದ ನೋಂದಣಿಗೂ ಟಿಕೆಟ್ ಅರ್ಜಿಗೂ ನಡುವೆ ಒಂದು ಮಳೆಗಾಲವಾದರೂ ಕಳೆದಿದೆಯೇ ಎಂದು ವಾಚನಾಲಯದ ಮುದುಕರು ಕೇಳುತ್ತಾರೆ. ಕಿವಿಗೊಡಬೇಡಿ. ಜ್ಞಾನಪೀಠ ಪಡೆದ ಶಿವರಾಮ ಕಾರಂತರು ಕೂಡ 1989ರಲ್ಲಿ ಕಾಡು, ನದಿ ಉಳಿಸುವ ಮಾತಾಡುತ್ತ ಇದೇ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತಿದ್ದರು. ಸೋಲಿಸಿ ಕಳಿಸಿದೆವು. ವಾಲಿಬಾಲ್ ಪಂದ್ಯಾವಳಿಗೆ ಅವರು ಟ್ರೋಫಿ ಕೊಟ್ಟಿರಲಿಕ್ಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಮಿತಿಯ ಸಭೆಯಲ್ಲಿ ಒಮ್ಮತದ ಠರಾವಾಗಿದೆ: ತಾವು ದಯವಿಟ್ಟು ಗೆಲ್ಲಬಾರದು.

ಸಿಟ್ಟಾಗಬೇಡಿ, ಲೆಕ್ಕ ನೋಡಿ. ಗೆದ್ದರೆ ತಮಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ ಅರವತ್ತೆರಡೂವರೆ ಲಕ್ಷ. ಅದೂ ತಮ್ಮ ಕಿಸೆಗೆ ಬರುವ ದುಡ್ಡಲ್ಲ. ತಾವು ಶಿಫಾರಸು ಪತ್ರ ಬರೆಯಬೇಕು, ಜಿಲ್ಲಾಡಳಿತ ಮಂಜೂರು ಮಾಡಬೇಕು. ದೇವಸ್ಥಾನದ ಕೆಲಸಕ್ಕಂತೂ ಆ ನಿಧಿಯನ್ನು ಮುಟ್ಟುವಂತೆಯೇ ಇಲ್ಲ. ಅಂದರೆ ಸಂಸದರಾದ ಗಳಿಗೆಯಿಂದ ತಾವು ನಮ್ಮ ಪಾಲಿಗೆ ಬಡವರು. ಮೇಲಾಗಿ ‘ಸಾಹೇಬರು ದೆಹಲಿಯಲ್ಲಿದ್ದಾರೆ’ ಎಂದು ಆಪ್ತ ಸಹಾಯಕರು ಫೋನಿಟ್ಟುಬಿಡುತ್ತಾರೆ. ಆಕಾಂಕ್ಷಿಯಾಗಿರುವ ತಾವಾದರೋ ಮದುವೆಗೆ ಬರುತ್ತೀರಿ, ಮುಂಜಿಗೆ ಬರುತ್ತೀರಿ, ಪರಿಚಯವೇ ಇಲ್ಲದವರ ಹನ್ನೊಂದನೇ ದಿನಕ್ಕೂ ಬಂದು ಕಣ್ಣೊರೆಸಿಕೊಳ್ಳುತ್ತೀರಿ. ಇಂಥ ಜನಸೇವಕರನ್ನು ಸಂಸತ್ತಿಗೆ ಕಳಿಸಿ ಕಳೆದುಕೊಳ್ಳುವಷ್ಟು ನಾವು ದಡ್ಡರಲ್ಲ. ತಾವು ಟಿಕೆಟ್ ಕೇಳುತ್ತಲೇ ಇರಬೇಕು, ಅದು ಕೈಗೆ ಬಂದಂತಾಗಿ ತಪ್ಪುತ್ತಲೇ ಇರಬೇಕು. ಒಂದು ವೇಳೆ ಸಿಕ್ಕೇಬಿಟ್ಟರೆ ಸಣ್ಣ ಅಂತರದಲ್ಲಿ ಸೋಲಬೇಕು. ಚಲಾವಣೆಯಾದ ಮತದ ಆರನೇ ಒಂದು ಪಾಲಿಗಿಂತ ಕೆಳಗಿಳಿದರೆ 25,000 ರೂಪಾಯಿಯ ಠೇವಣಿ ಹೋಗುತ್ತದೆ. ಅಷ್ಟು ದೊಡ್ಡ ಸೋಲು ಬಂದರೆ ತಾವು ಬೇಸರಪಟ್ಟು ವ್ಯಾಪಾರಕ್ಕೆ ಮರಳಿಬಿಟ್ಟೀರಿ. ಅದಾಗದ ಹಾಗೆ ನೋಡಿಕೊಳ್ಳುವ ಹೊಣೆ ನಮ್ಮದು. ನಮ್ಮ ಬೂತಿನಲ್ಲಿ ತಮಗೆ ಬೇಕಾದಷ್ಟು ಮತ ಬೀಳುತ್ತದೆ, ಅದಕ್ಕಿಂತ ಒಂದೂ ಹೆಚ್ಚು ಬೀಳುವುದಿಲ್ಲ.

ಈ ಸಲದ ಬೇಡಿಕೆ ದೊಡ್ಡದಲ್ಲ. ಮೈಕ್ ಸೆಟ್ ಹಳತಾಗಿದೆ, ತಮ್ಮ ಭಾಷಣದ ದಿನವೇ ಕುಯ್ಯೆಂದು ಕೂಗಿದ್ದು ನೆನಪಿರಬಹುದು. ವಿಸರ್ಜನೆಯ ಮೆರವಣಿಗೆಗೆ ಜನರೇಟರ್ ಬೇಕು. ವಾಲಿಬಾಲ್ ಪಂದ್ಯಕ್ಕೆ ಟ್ರೋಫಿ, ಕಳೆದ ಸಲಕ್ಕಿಂತ ಒಂದು ಗೇಣಾದರೂ ಎತ್ತರದ್ದು. ಭಾನುವಾರ ಬೆಳಿಗ್ಗೆ ಸಮಿತಿಯವರು ರಸೀದಿ ಪುಸ್ತಕ ಹಿಡಿದು ಮನೆಗೆ ಬರುತ್ತೇವೆ. ತಿಂಡಿಯ ಏರ್ಪಾಡು ಬೇಡ, ಇದ್ದರೆ ಬೇಡ ಅನ್ನುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಖಜಾಂಚಿ

ವಿ.ಸೂ.: ಇದೇ ಒಕ್ಕಣೆಯ ಪತ್ರ ಎದುರು ಪಕ್ಷದ ಆಕಾಂಕ್ಷಿಗಳಿಗೂ ಹೋಗಿದೆ. ಜನರೇಟರ್ ಮೊದಲು ಕಳಿಸಿದವರಿಗೆ ವೇದಿಕೆಯಲ್ಲಿ ನಡುವಿನ ಕುರ್ಚಿ.