ಬೆನ್ನು ಮುಂದಾಗಿ ಬರುವ ಜೀಪು

ನಮ್ಮ ಮನೆಯ ದಾರಿಯ ಕೊನೆಯ ಇನ್ನೂರು ಅಡಿ ಏರನ್ನು ಅಪ್ಪ ಯಾವಾಗಲೂ ಹಿಂದುಮುಂದಾಗಿಯೇ ಹತ್ತುತ್ತಿದ್ದರು. ದಣಪೆಯ ಹತ್ತಿರ ಜೀಪು ತಿರುಗಿಸಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ, ಕತ್ತು ಹೊರಳಿಸಿ, ರಿವರ್ಸ್ ಗೇರಿನಲ್ಲಿ ಗುಂಯ್ಯೆಂದು ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಹೊಸ ನೆಂಟರು ಅದನ್ನು ಯಾವುದೋ ಹರಕೆ ಅಂದುಕೊಳ್ಳುತ್ತಿದ್ದರು. ‘ಯಾವ ದೇವರಿಗೆ?’ ಎಂದು ಕೇಳಿದವರೂ ಇದ್ದಾರೆ.

ದೇವರಲ್ಲ, ಲೆಕ್ಕ. ಆ ಸಿಜೆ-3ಬಿ ಜೀಪಿನ ಹೊಟ್ಟೆಯಲ್ಲಿದ್ದದ್ದು ಟಿ-90 ಎಂಬ ಮೂರು ಗೇರಿನ ಬಾಕ್ಸು. ಅದರ ಮೊದಲ ಗೇರಿನಲ್ಲಿ ಇಂಜಿನ್ ಸುಮಾರು 2.8 ಸುತ್ತು ಸುತ್ತಿದರೆ ಬಾಕ್ಸಿನಿಂದ ಹೊರಬರುವ ಶಾಫ್ಟು ಒಂದು ಸುತ್ತು. ರಿವರ್ಸಿನಲ್ಲಿ 3.8 ಸುತ್ತಿಗೆ ಒಂದು. ಅಂದರೆ ನಮ್ಮ ಜೀಪಿಗೆ ಮುಂದೆ ಹೋಗುವುದಕ್ಕಿಂತ ಹಿಂದೆ ಹೋಗುವುದಕ್ಕೇ ಹೆಚ್ಚು ಕಸುವು. ಕಸುವು ಹೆಚ್ಚಿಸುವ ಪಕ್ಕದ ‘ಲೋ’ ಲಿವರ್ ಹಾಕಿದ್ದರೆ ಮುಂದಾಗಿಯೇ ಹತ್ತಬಹುದಿತ್ತು. ಆದರೆ ಅದು ನಾನು ಹೈಸ್ಕೂಲಿನಲ್ಲಿದ್ದಾಗಲೇ ತುಕ್ಕು ಹಿಡಿದು ಕೂತಿತ್ತು. ‘ರಿವರ್ಸ್ ಇದ್ಯಲ್ಲ, ಅದಕ್ಕ್ಯಾಕೆ ಖರ್ಚು?’ ಎಂಬುದು ಅಪ್ಪನ ಅರ್ಥಶಾಸ್ತ್ರ.

ಅಪ್ಪನ ನಂತರ ಜೀಪು ನನಗೆ ಬಂತು. ಅದರ ಕುಲಗೋತ್ರ ಹೇಳುವುದು ಕಷ್ಟ. ವಂಶ ಅಮೆರಿಕದ ವಿಲ್ಲೀಸರದ್ದು. ಮಹೀಂದ್ರದವರು 1947ರಲ್ಲಿ ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿ, ಆಮೇಲೆ ಇಲ್ಲೇ ತಯಾರಿಸಿದ ಸಂತಾನ. 3ಬಿಗೆ ಬಾನೆಟ್ ಅಷ್ಟು ಎತ್ತರ ಇರುವುದೇ ಅದರ ಹರಿಕೇನ್ ಪೆಟ್ರೋಲ್ ಇಂಜಿನ್ ಎತ್ತರವಾಗಿದ್ದರಿಂದ. ಅಪ್ಪ ಪೆಟ್ರೋಲ್ ಬೆಲೆಗೆ ಹೆದರಿ ಆ ಇಂಜಿನ್ ತೆಗೆಸಿ, ಪೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಕೂರಿಸಿ, ಆರ್‌ಸಿಯಲ್ಲಿ ಬರೆಸಿದ್ದರು. ತಲೆ ಅಮೆರಿಕದ್ದು, ಎದೆ ಫ್ರಾನ್ಸಿನದು, ಕೆಸರು ಮಾತ್ರ ಅಪ್ಪಟ ತೀರ್ಥಹಳ್ಳಿಯದು.

ನನ್ನ ಕಾಲಕ್ಕೆ ಆ ಬಾಕ್ಸಿಗೆ ಎರಡು ಚಟಗಳಿದ್ದವು. ಮೊದಲ ಗೇರಿಗೆ ಹುಟ್ಟಿನಿಂದಲೇ ಸಿಂಕ್ರೋಮೆಶ್ ಇಲ್ಲ. ಸಿಂಕ್ರೋ ಎಂದರೆ ಬೇರೆ ಬೇರೆ ವೇಗದಲ್ಲಿ ಸುತ್ತುವ ಎರಡು ಚಕ್ರಗಳ ನಡುವೆ ರಾಜಿ ಮಾಡಿಸುವ ಹಿತ್ತಾಳೆಯ ಬಳೆ. ಅದು ಇಲ್ಲದ ಕಡೆ ರಾಜಿ ಪಂಚಾಯ್ತಿ ಡ್ರೈವರನದ್ದೇ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ತುಳಿದು, ಮತ್ತೆ ಕ್ಲಚ್ ಒತ್ತಿ ಗೇರ್ ತಳ್ಳಬೇಕು. ಇದು ಡಬಲ್ ಕ್ಲಚ್. ಸ್ವಲ್ಪ ತಪ್ಪಿದರೂ ಬಾಕ್ಸಿನೊಳಗೆ ಕಬ್ಬಿನ ಗಾಣಕ್ಕೆ ಕಲ್ಲು ಹಾಕಿದ ಸದ್ದು.

ಎರಡನೇ ಚಟ ದೊಡ್ಡದು. ಇಳಿಜಾರಿನಲ್ಲಿ ಎರಡನೇ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತಿತ್ತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅದು ಹಾರಿದರೆ ಜೊತೆಗೆ ನಮ್ಮ ಪ್ರಾಣವೂ ಹಾರಬೇಕು. ಹಾಗಾಗಿ ಘಾಟಿ ಇಳಿಯುವಾಗ ಗೇರ್ ಲಿವರನ್ನು ಅದುಮಿ ಹಿಡಿಯುವ ಕೆಲಸ ಪಕ್ಕದಲ್ಲಿ ಕೂತ ಹೆಂಡತಿಯದು. ಸೋಮೇಶ್ವರ ಬರುವವರೆಗೂ ಅವಳು ತುಟಿ ಕಚ್ಚಿ ಎರಡೂ ಕೈಯಲ್ಲಿ ಲಿವರ್ ಹಿಡಿದಿರುತ್ತಿದ್ದಳು. ಎದುರಿಗೆ ಬಂದವರಿಗೆ ಜೀಪನ್ನು ಇಬ್ಬರು ಓಡಿಸುತ್ತಿರುವಂತೆ ಕಾಣುತ್ತಿತ್ತು. ಉಡುಪಿಯಲ್ಲೊಂದು ಮದುವೆ ಮುಗಿಸಿ ಬಂದ ರಾತ್ರಿ ಅವಳು ಹೇಳಿದಳು: ‘ಸಪ್ತಪದಿಯಲ್ಲಿ ಏಳೂ ಹೆಜ್ಜೆ ತುಳಿದಿದೀನಿ. ಗೇರ್ ಹಿಡೀತೀನಿ ಅಂತ ಯಾವ ಹೆಜ್ಜೆಲೂ ಹೇಳಿಲ್ಲ.’

ಮರುದಿನದಿಂದ ಗೇರ್ ಬಾಕ್ಸ್ ಹುಡುಕಾಟ ಶುರುವಾಯಿತು. ಮಲೆನಾಡಿನಲ್ಲಿ ಇಂಥ ವಿಷಯ ಗುಟ್ಟಾಗಿ ಇರುವುದಿಲ್ಲ. ಸೊಸೈಟಿಯಲ್ಲಿ ಅಡಿಕೆ ತೂಗಿಸಲು ಬಂದವರೆಲ್ಲ ತಜ್ಞರು. ‘ಇದೇ ಬಾಕ್ಸ್ ಬಿಚ್ಚಿ ಗೇರು, ಬೇರಿಂಗು, ಸಿಂಕ್ರೋ ಹೊಸದು ಹಾಕ್ಸು, ಇನ್ನಿಪ್ಪತ್ತು ವರ್ಷ ನೋಡಕ್ಕಿಲ್ಲ’ ಎಂದರು ಒಬ್ಬರು. ‘ಕೆಎಂಟಿ-90 ಹಾಕು, ನಾಲ್ಕು ಗೇರು, ಎಂಎಂ 540ರಲ್ಲಿ ಬರ್ತಿತ್ತಲ್ಲ, ಅದು’ ಎಂದರು ಇನ್ನೊಬ್ಬರು. ಬೆಂಗಳೂರಿನ ಭಾವಮೈದುನ ಫೋನಿನಲ್ಲಿ, ‘ಆಟೋಮ್ಯಾಟಿಕ್ ಹಾಕ್ಸಿಬಿಡು, ಅಕ್ಕನಿಗೆ ಹಿಡಿಯೋಕೆ ಲಿವರೇ ಇರಲ್ಲ’ ಎಂದ. ಅಮೆರಿಕದಲ್ಲಿ 1976ರಲ್ಲಿ ಬಂದ ಸಿಜೆ-7ಕ್ಕೆ ಕಂಪನಿಯೇ ಆಟೋಮ್ಯಾಟಿಕ್ ಕೊಡುತ್ತಿತ್ತು, ನಿಜ. ಆದರೆ ಅದರ ಇಂಜಿನ್ನಿಗೆ ಕಸುವಿತ್ತು. ನಮ್ಮ ಡೀಸೆಲ್ಲಿನ ಕಸುವಿನಲ್ಲಿ ಒಂದು ಪಾಲನ್ನು ಕ್ಲಚ್ಚಿನ ಬದಲಿಗೆ ಬರುವ ಟಾರ್ಕ್ ಕನ್ವರ್ಟರಿನ ಎಣ್ಣೆಯೇ ಕುಡಿದರೆ ಏರು ಹತ್ತಲು ಉಳಿಯುವುದು ಹಾರ್ನ್ ಮಾತ್ರ.

ಅಮೆರಿಕದಲ್ಲಿರುವ ಅಣ್ಣನ ಮಗ ಬೇರೆಯೇ ಸೂಚನೆ ಕಳಿಸಿದ. ಅಲ್ಲಿ ಹಳೇ ಜೀಪಿಗೆ ಟಿ-18 ಎಂಬ ನಾಲ್ಕು ಗೇರಿನ ಬಾಕ್ಸ್ ಹಾಕುತ್ತಾರಂತೆ. ಅದರ ಮೊದಲ ಗೇರಿನಲ್ಲಿ 6.32 ಸುತ್ತಿಗೆ ಒಂದು. ಜೀಪು ಇರುವೆ ಸಾಲಿನಂತೆ ನಿಧಾನ, ಆದರೆ ಗೋಡೆಯನ್ನೂ ಹತ್ತುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ‘ಅಜ್ಜಿ ಗೇರು’. ನನ್ನ ಅಮ್ಮನಿಗೆ ಇದು ಬಹಳ ಹಿಡಿಸಿತು. ‘ಅಜ್ಜಿ ಅಂದ್ರೆ ಹಾಗೇ. ಬರೋದು ತಡ, ಬಂದೇ ಬರ್ತಾಳೆ’ ಎಂದರು. ಆದರೆ ಅಷ್ಟು ಭಾರದ ಅಜ್ಜಿಯನ್ನು ಅಮೆರಿಕದಿಂದ ತರಿಸುವ ಖರ್ಚಿನಲ್ಲಿ ಇಲ್ಲಿ ಒಂದು ಎಕರೆ ತೋಟಕ್ಕೆ ಬೇಲಿ ಹಾಕಿಸಬಹುದು.

ಕೊನೆಗೆ ತೀರ್ಪು ಕೊಟ್ಟದ್ದು ಜೀಪು ರಿಪೇರಿಯ ನಮ್ಮ ಮೇಸ್ತ್ರಿ. ‘ಇಂಜಿನ್ ಪೂಜೋದು. ಬಿಎ-10 ಅಂತ ಐದು ಗೇರಿನ ಬಾಕ್ಸ್ ಇದೆ, ಅದೂ ಪೂಜೋದೇ. ಐದಕ್ಕೂ ಸಿಂಕ್ರೋ. ಒಂದೇ ಭಾಷೆಯವರು, ಜಗಳ ಬರಲ್ಲ.’ ಐದನೇ ಗೇರಿನ ಹೆಸರು ಕೇಳಿದ್ದೇ ನನ್ನ ವಿವೇಕ ನ್ಯೂಟ್ರಲ್‌ಗೆ ಹಾರಿತು. 3ಬಿಯ ಆಕ್ಸಲ್‌ನಲ್ಲಿ ಪಿನಿಯನ್ ಗೇರಿಗೆ 8 ಹಲ್ಲು, ಅದು ತಿರುಗಿಸುವ ಕ್ರೌನ್‌ಗೆ 43. ಟಾಪ್ ಗೇರಿನಲ್ಲೂ ಚಕ್ರ ಒಂದು ಸುತ್ತು ಬರಲು ಇಂಜಿನ್ ಐದೂಕಾಲು ಸುತ್ತಿಗಿಂತ ಹೆಚ್ಚು ತಿರುಗಬೇಕು. ಗಂಟೆಗೆ 60 ಕಿಲೋಮೀಟರ್ ದಾಟಿದರೆ ಜೀಪಿನಲ್ಲಿ ಮಾತಾಡಲು ಕೈಸನ್ನೆ ಬೇಕು. ಐದನೇ ಗೇರಿನ ಓವರ್‌ಡ್ರೈವ್ ಇದ್ದರೆ ಇಂಜಿನ್ ನಿಧಾನವಾಗಿ ತಿರುಗುತ್ತದೆ, ಗಂಡ ಹೆಂಡತಿ ಮಾತಾಡಬಹುದು. ಇದು ಲಾಭವೋ ನಷ್ಟವೋ ಎಂದು ಆಗ ಯೋಚಿಸಲಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲ ಸುತ್ತಿ ಒಂದು ಬಾಕ್ಸ್ ತಂದೆವು. ಬಸ್ಸಿನ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದ.

ಗೇರ್ ಬಾಕ್ಸ್ ಬದಲಾಯಿಸುವುದು ಎಂದರೆ ಗೇರ್ ಬಾಕ್ಸ್ ಬದಲಾಯಿಸುವುದಲ್ಲ ಎಂದು ತಿಳಿದದ್ದು ಆಮೇಲೆ. ಶಾಫ್ಟಿನ ಹಲ್ಲಿಗೆ ತಕ್ಕ ಕ್ಲಚ್ ಪ್ಲೇಟ್ ಬೇಕಾಯಿತು. ಹೊಸ ಬಾಕ್ಸ್ ಹಳೆಯದಕ್ಕಿಂತ ಉದ್ದ. ಆದ್ದರಿಂದ ಅದರ ಹಿಂದಿರುವ, ಮುಂದಿನ ಹಿಂದಿನ ಚಕ್ರಗಳಿಗೆ ಕಸುವು ಹಂಚುವ ಟ್ರಾನ್ಸ್‌ಫರ್ ಕೇಸ್ ಇನ್ನೂ ಹಿಂದಕ್ಕೆ ಸರಿಯಿತು. ಅದು ಸರಿದದ್ದರಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಸಾಲದೆ ಉದ್ದ ಮಾಡಿಸಿದೆವು, ಹಿಂದಿನದು ಹೆಚ್ಚಾಗಿ ಕತ್ತರಿಸಿದೆವು. ಚಕ್ರದಿಂದ ಚಕ್ರಕ್ಕೆ ಬರೀ 80 ಇಂಚಿನ ಗಾಡಿ. ಹಿಂದಿನ ಶಾಫ್ಟ್ ಗಿಡ್ಡವಾದಷ್ಟೂ ಕಡಿದಾಗಿ ಇಳಿಯುತ್ತದೆ, ಕಡಿದಾದಷ್ಟೂ ಜಾಯಿಂಟ್ ಗದಗುಟ್ಟುತ್ತದೆ. ಆ ನಡುಕ ನಿಲ್ಲಿಸಲು ಶಿವಮೊಗ್ಗದ ಲೇತಿಗೆ ಮೂರು ಸಲ ಹೋಗಿಬಂದೆವು. ಎರಡು ದಿನದ ಕೆಲಸ ಎಂದಿದ್ದ ಮೇಸ್ತ್ರಿ ಯಾವ ಎರಡು ದಿನ ಎಂದು ಹೇಳಿರಲಿಲ್ಲ. ಜೀಪು ಹೊರಬಂದದ್ದು ಐವತ್ತೆರಡನೇ ದಿನಕ್ಕೆ.

ಲಿವರ್ ಬೇರೆ ಜಾಗದಲ್ಲಿ ಮೇಲೆ ಬಂದಿದ್ದರಿಂದ ನೆಲದ ತಗಡಿನಲ್ಲಿ ಹೊಸ ತೂತು ಕೊರೆದಿದ್ದರು. ಹಳೇ ತೂತು ಹಾಗೇ ಉಳಿಯಿತು. ಮೊದಲ ಮಳೆಗೆ ರಸ್ತೆಯ ನೀರು ಅದರಿಂದ ಕಾರಂಜಿಯಂತೆ ಚಿಮ್ಮಿ ಹೆಂಡತಿಯ ಸೀರೆಯ ನೆರಿಗೆಗೆ ಅಭಿಷೇಕವಾಯಿತು. ಅಲ್ಲಿಗೆ ಒಂದು ಅಡಿಕೆ ಹಾಳೆ ಕತ್ತರಿಸಿ ಮುಚ್ಚಿದೆ. ಇಡೀ ಪ್ರಕರಣದಲ್ಲಿ ಅಳತೆಗೆ ಸರಿಯಾಗಿ ಕೂತ ಭಾಗ ಅದೊಂದೇ.

ಜೀಪು ಮನೆಗೆ ಬಂದ ಸಂಜೆ ಏರನ್ನು ಮೊದಲ ಗೇರಿನಲ್ಲಿ, ಮುಖ ಮುಂದಾಗಿ, ನಿರಾಯಾಸವಾಗಿ ಹತ್ತಿಸಿದೆ. ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ಕಣ್ಣು ಕಿರಿದು ಮಾಡಿ ನೋಡಿ ಒಳಗೆ ಕೂಗಿದರು: ‘ಯಾರೋ ಬಂದ್ರು ನೋಡೇ, ಕಾಫಿಗೆ ನೀರಿಡು.’ ಈ ಅಂಗಳಕ್ಕೆ ಇಷ್ಟು ವರ್ಷ ನಮ್ಮ ಜೀಪು ಬೆನ್ನು ತೋರಿಸಿಯೇ ಬಂದದ್ದು. ಮುಖ ತೋರಿಸಿ ಬಂದದ್ದು ಪರರದ್ದೇ ಇರಬೇಕು.

ನಿಜವಾದ ಫಜೀತಿ ಮರುದಿನ ಬೆಳಿಗ್ಗೆ. ಹಳೇ ಬಾಕ್ಸಿನಲ್ಲಿ ಎಡಕ್ಕೆಳೆದು ಮೇಲೆ ತಳ್ಳಿದರೆ ರಿವರ್ಸ್, ಅದರ ಕೆಳಗೆ ಒಂದನೇ ಗೇರು. ಹೊಸದರಲ್ಲಿ ಎಡಕ್ಕೆ ಮೇಲೆ ಒಂದನೇ ಗೇರು, ಅದರ ಕೆಳಗೆ ಎರಡು. ಇದು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕೈ ಕಲಿತ ಪಾಠ ಬೇರೆ. ಜೀಪು ಹಿಂದೆ ತೆಗೆಯೋಣವೆಂದು ಕತ್ತು ಪೂರ್ತಿ ಹಿಂದಕ್ಕೆ ಹೊರಳಿಸಿ, ಎಡಕ್ಕೆಳೆದು, ಮೇಲೆ ತಳ್ಳಿ, ಕ್ಲಚ್ ಬಿಟ್ಟೆ. ನಾನು ಹಿಂದೆ ನೋಡುತ್ತಿದ್ದಂತೆ ಜೀಪು ಮುಂದೆ ಹೋಯಿತು. ಕೊಟ್ಟಿಗೆಯ ಪಕ್ಕದ ಗೊಬ್ಬರದ ಗುಂಡಿಯ ಕಟ್ಟೆ ಬಿತ್ತು. ಜೀಪಿನ ಮುಂದಿನೆರಡು ಚಕ್ರ ಗೊಬ್ಬರದಲ್ಲಿ. ಹೊಸ ಸಿಂಕ್ರೋ ಎಷ್ಟು ನಯವಾಗಿತ್ತೆಂದರೆ ತಪ್ಪು ಗೇರಿಗೆ ಬಿದ್ದಾಗಲೂ ‘ಕಿರ್’ ಎನ್ನಲಿಲ್ಲ. ಹಳೇ ಬಾಕ್ಸು ತಪ್ಪು ಮಾಡಿದರೆ ಕೂಗಿ ಹೇಳುತ್ತಿತ್ತು.

‘ಗೇರ್ ಬಾಕ್ಸ್ ಬದಲಾಯಿಸಿದ್ರಿ. ಕೈ ಯಾವಾಗ ಬದಲಾಯಿಸ್ತೀರಿ?’ ಎಂದಳು ಹೆಂಡತಿ. ಮೇಸ್ತ್ರಿ ಬಂದು ಎಳೆದ. ಬಿಲ್ಲಿನಲ್ಲಿ ಅದನ್ನೂ ಸೇರಿಸಿದ.

ಈಗ ಎರಡು ವರ್ಷವಾಯಿತು. ಲೆಕ್ಕ ಹೇಳುತ್ತೇನೆ. ಐದನೇ ಗೇರು ಬೇಕಾದದ್ದು ಶಿವಮೊಗ್ಗ ದಾಟಿ ಭದ್ರಾವತಿ ಕಡೆಗೆ ಹೋದಾಗ ಮಾತ್ರ, ಇದುವರೆಗೆ ಹನ್ನೊಂದು ಸಲ. ನಮ್ಮೂರ ತಿರುವುಗಳಲ್ಲಿ ನಾಲ್ಕನೆಯದೇ ಆಡಂಬರ. ಹಾಗಾಗಿ ಹಳೇ ಜೀಪಿಗೆ ಗೇರ್ ಬಾಕ್ಸ್ ಹುಡುಕುವವರಿಗೆ ನನ್ನದೊಂದು ಮಾತು: ಎಷ್ಟು ಗೇರು ಎಂದು ಕೇಳುವ ಮೊದಲು ಯಾವ ರಸ್ತೆ ಎಂದು ಕೇಳಿಕೊಳ್ಳಿ. ಹಳೇ ಬಾಕ್ಸಿನ ಗೇರು, ಬೇರಿಂಗು, ಸಿಂಕ್ರೋ ಬದಲಾಯಿಸಿದ್ದರೆ ನನಗೆ ಇದರ ಕಾಲು ಭಾಗ ಖರ್ಚಾಗುತ್ತಿತ್ತು. ಹೆಂಡತಿಯ ಕೈಗೂ ಬಿಡುವು ಸಿಗುತ್ತಿತ್ತು.

ಹಳೇ ಬಾಕ್ಸನ್ನು ಮಾರಿಲ್ಲ, ಎಣ್ಣೆ ತುಂಬಿಸಿ ಅಟ್ಟದ ಕೆಳಗೆ ಇಟ್ಟಿದ್ದೇನೆ. ಗೊಬ್ಬರದ ಗುಂಡಿಯ ಕಟ್ಟೆಯನ್ನು ಈ ಸಲ ಜಂಬಿಟ್ಟಿಗೆಯಲ್ಲಿ ಕಟ್ಟಿಸಿದ್ದೇನೆ, ದಪ್ಪವಾಗಿ.