ಎಸಿಇ2 ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಎಸಿಇ2 ಸಾಹೇಬರೇ,

ಜೀವಕೋಶದ ಹೊರಮೈಯಲ್ಲಿ ಕೂತು, ರಕ್ತನಾಳ ಬಿಗಿಯುವ ಆಂಜಿಯೋಟೆನ್ಸಿನ್ 2 ಅನ್ನು ಕತ್ತರಿಸಿ ಒತ್ತಡ ಇಳಿಸುವುದು ಕಿಣ್ವವಾದ ತಮ್ಮ ಮೂಲ ಹುದ್ದೆ. ಅದರಲ್ಲಿ ನಮಗೇನೂ ತಕರಾರಿಲ್ಲ. ಆದರೆ ಸಾರ್ಸ್ ವೈರಸ್ ತಮ್ಮ ಕೈ ಹಿಡಿದೇ ಒಳಗೆ ಬರುತ್ತದೆಂದು 2003ರಲ್ಲೇ ಬಯಲಾಯಿತು. 2019ರ ಕೊನೆಗೆ ಅದೇ ಬಳಗದ ಇನ್ನೊಬ್ಬ, ಕೋವಿಡ್ ತರುವ ವೈರಸ್, ಬಂದಾಗಲೂ ತಾವು ಅಷ್ಟೇ ಆದರದಿಂದ ಬರಮಾಡಿಕೊಂಡಿರಿ.

ಅತಿಥಿಗೆ ಮೊದಲ ಬಿಡಾರ ಮೂಗಿನಲ್ಲಿ, ಸಿಂಬಳವನ್ನು ಗಂಟಲತ್ತ ತಳ್ಳುವ ರೋಮವುಳ್ಳ ಕೋಶಗಳಲ್ಲಿ. ವೈರಸ್ಸಿನ ಹೊರಮೈಯ ಮುಳ್ಳನ್ನು (ಸ್ಪೈಕ್) ಕತ್ತರಿಸಿಕೊಡಲು ಟಿಎಂಪಿಆರ್‌ಎಸ್‌ಎಸ್2 ಎಂಬ ಸಹಾಯಕರೂ ಪಕ್ಕದಲ್ಲೇ ಇದ್ದರು. ಇಂಗಿನ ಒಗ್ಗರಣೆ ಚಟಪಟ ಅನ್ನುತ್ತಿದ್ದರೂ ಮೂಗಿಗೆ ಏನೂ ತಿಳಿಯದೆ ಕೂತವರು ನರವೇ ಸತ್ತಿತೆಂದು ಹೆದರಿದರು. ವಾಸನೆಯ ನರಕೋಶಗಳಲ್ಲಿ ತಾವು ಇಲ್ಲವೇ ಇಲ್ಲ ಅನ್ನಬಹುದು. ಅವಕ್ಕೆ ಆಸರೆಯಾದ ಕೋಶಗಳಲ್ಲಿ ಕೂತಿದ್ದಿರಿ. ಆಸರೆ ಕೆಡವಿದರೆ ಸಾಕಲ್ಲ!

ಶ್ವಾಸಕೋಶದಲ್ಲಂತೂ ತಮ್ಮ ಆಯ್ಕೆ ಅಮೋಘ. ಗಾಳಿಗೂಡು ಮುದುಡದಂತೆ ಜಾರುದ್ರವ ಸವರುವ ಎರಡನೇ ಬಗೆಯ ಕೋಶಗಳಲ್ಲೇ ತಮ್ಮ ಠಿಕಾಣಿ. ಪಕ್ಕದ ತೆಳು ಕೋಶ ಸತ್ತರೆ ಒಡೆದು ಎರಡಾಗಿ ಆ ಜಾಗ ತುಂಬುವವೂ ಇವೇ. ಮನೆ ರಿಪೇರಿ ಮಾಡುವವರನ್ನೇ ಮೊದಲು ಹಿಡಿದುಕೊಟ್ಟಿರಿ.

ತಮ್ಮ ದೊಡ್ಡ ದರ್ಬಾರು ಮಾತ್ರ ಸಣ್ಣ ಕರುಳಿನಲ್ಲಿ; ಅಲ್ಲಿರುವಷ್ಟು ತಾವು ಶ್ವಾಸಕೋಶದಲ್ಲಿಲ್ಲ. ಹಾಗಾಗಿ ವೈರಸ್ಸಿನ ಆರ್‌ಎನ್‌ಎ ಮಲದಲ್ಲಿ ಸಿಕ್ಕಿತು, ಬೆಂಗಳೂರಿನ ಕೊಳಚೆ ನೀರು ಪ್ರಯೋಗಾಲಯ ಹತ್ತಿತು. ಮೂತ್ರಪಿಂಡದಲ್ಲೂ ತಮ್ಮ ಶಾಖೆ ಇದೆ. ಆದರೂ ಹೆಸರು ಮಾತ್ರ ಉಸಿರಾಟದ ಕಾಯಿಲೆ!

ಎಲ್ಲ ಪಾಪವನ್ನೂ ತಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ, ಒಪ್ಪುತ್ತೇನೆ. ಕೋವಿಡ್ ರೋಗಿಗಳ ರಕ್ತ ಹೆಪ್ಪುಗಟ್ಟಿದ್ದರಲ್ಲಿ ನಮ್ಮದೇ ರೋಗನಿರೋಧಕ ಪಡೆಯ ರಂಪಾಟವೂ ಬಹಳವಿತ್ತು. 2004ರಲ್ಲಿ ನೆದರ್ಲೆಂಡ್ಸಿನಲ್ಲಿ ಪತ್ತೆಯಾದ ಎನ್‌ಎಲ್63 ಎಂಬ ಕೊರೊನಾ ವೈರಸ್ಸೂ ತಮ್ಮ ಮೂಲಕವೇ ಒಳಬರುತ್ತದೆ, ಸಾಮಾನ್ಯವಾಗಿ ಬರೀ ನೆಗಡಿ ಕೊಟ್ಟು ಹೋಗುತ್ತದೆ.

ತಮ್ಮನ್ನು ಅಮಾನತು ಮಾಡಿಸೋಣವೆಂದರೆ ಕಡತ ಅಡ್ಡ ಬಂತು: ತಾವಿಲ್ಲದ ಇಲಿಗಳ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಾಗ ಗಾಯ ಇನ್ನಷ್ಟು ಹದಗೆಟ್ಟಿತ್ತು. ಹೀಗಾಗಿ ತಮ್ಮ ಕೆಲಸ ಉಳಿಯಿತು. ಲಸಿಕೆ ಚುಚ್ಚಿಸಿಕೊಂಡು, ಅತಿಥಿ ತಮ್ಮ ಕೈ ಹಿಡಿಯುವ ಮುಳ್ಳಿಗೇ ಪ್ರತಿಕಾಯ ಅಂಟಿಸುವ ಏರ್ಪಾಡು ಮಾಡಿಕೊಂಡಿದ್ದೇವೆ. ತಾವು ಅನ್ಯಥಾ ಭಾವಿಸಬಾರದು.

ಇತಿ,
ತಮ್ಮ ಹಂಗಿನಲ್ಲೇ ರಕ್ತದೊತ್ತಡ ಕಾಪಾಡಿಕೊಂಡಿರುವ ಒಬ್ಬ ಪ್ರಜೆ