ಐವತ್ತರ ನೋಟಿನಲ್ಲಿ ಹಂಪಿ ತೋರಿಸಿದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯೋಜಕರೇ,

ನಿಮ್ಮ 'ಗೈಡ್ ಸಮೇತ ಒಂದೇ ದಿನದಲ್ಲಿ ಹಂಪಿ, ರೈಲಿನಲ್ಲಿ ಹಾಯಾಗಿ' ಪ್ರವಾಸ ಮುಗಿಸಿಕೊಂಡು ಮನೆ ಸೇರುವಷ್ಟರಲ್ಲಿ ತಾರೀಖು ಬದಲಾಗಿತ್ತು. ಹಾಗಾಗಿ 'ಒಂದೇ ದಿನ' ಅನ್ನುವುದು ಅಲ್ಲಿಗೇ ಸುಳ್ಳಾಯಿತು. 'ಹಾಯಾಗಿ' ಅನ್ನುವುದರ ಬಗ್ಗೆ ನನ್ನ ಸೊಂಟವನ್ನೇ ಕೇಳಿ. ಇನ್ನೂ ಸ್ನಾನ ಆಗಿಲ್ಲ, ಸಿಟ್ಟು ಮಾತ್ರ ಕಾದಿದೆ. ಅದು ಆರುವುದರೊಳಗೆ ಬರೆದು ಮುಗಿಸುತ್ತೇನೆ. ನಿಮ್ಮ ಹೆಸರು ಹಾಕುವುದಿಲ್ಲ, ಹೆದರಬೇಡಿ. ಹಾಕಿದರೆ ಅದೂ ನಿಮಗೊಂದು ಪುಕ್ಕಟೆ ಜಾಹೀರಾತು.

ಮೊದಲು ನಮ್ಮ ಕೂಡ್ಲಿಗಿಯ ವಿಚಾರ. ನಮ್ಮೂರಿಗೆ ರೈಲಿಲ್ಲ. ಮೂರನೇ ದರ್ಜೆ ಡಬ್ಬಿಯಲ್ಲಿ ದೇಶವೆಲ್ಲ ಸುತ್ತಿದ ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ನಮ್ಮಲ್ಲಿದೆ. ಅವರು ಹತ್ತುತ್ತಿದ್ದಂಥ ಡಬ್ಬಿ ಮಾತ್ರ ಇವತ್ತಿಗೂ ನಮ್ಮೂರಿಗೆ ಬಂದಿಲ್ಲ. ರಾಷ್ಟ್ರೀಯ ಹೆದ್ದಾರಿ ಐವತ್ತು ನಮ್ಮೂರಿನಿಂದ ನೆಟ್ಟಗೆ ಹೊಸಪೇಟೆಗೆ ಹೋಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ 'ಹೊಸಪೇಟೆ, ಹೊಸಪೇಟೆ' ಎಂದು ಕೂಗಿ ಕೂಗಿ ಹತ್ತಿಸಿಕೊಳ್ಳುತ್ತಾರೆ. ಅದನ್ನು ಬಿಟ್ಟು, ನಿಮ್ಮ ಕರಪತ್ರ ನಂಬಿ, ನಸುಕಿನಲ್ಲೇ ಎದ್ದು, ಪಡುವಣಕ್ಕೆ ಕೊಟ್ಟೂರಿನ ಬಸ್ ಹಿಡಿದು, ಅಲ್ಲಿ ರೈಲಿಗಾಗಿ ಕಾದು, ಸುತ್ತು ಬಳಸಿ ಹೊಸಪೇಟೆಗೆ ಹೋಗುವ ಭಾಗ್ಯ ನಮಗೆ ಸಿಕ್ಕಿತು. ಹೂವಿನಹಡಗಲಿಯವರದೂ ಇದೇ ಪಾಡು. ಅವರಿಗೂ ರೈಲಿಲ್ಲ, ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಬಂದು ನಮ್ಮನ್ನು ಕೂಡಿಕೊಂಡರು. ಐದು ತಾಲ್ಲೂಕಿನ ಜನರನ್ನು ಒಂದೇ ಗಾಡಿಯಲ್ಲಿ ಒಯ್ಯುತ್ತೇವೆ ಎಂದು ಬರೆದಿದ್ದಿರಿ. ಐದರಲ್ಲಿ ಎರಡಕ್ಕೆ ಗಾಡಿಯೇ ಬರುವುದಿಲ್ಲ ಎನ್ನುವುದನ್ನು ಬರೆಯಲು ಜಾಗ ಸಾಲಲಿಲ್ಲವೇನೋ.

ಕೊಟ್ಟೂರಿನ ಫಲಾಟಿನಲ್ಲಿ ನಿಮ್ಮ ಗೈಡ್ ಸಿಕ್ಕ. ಕೊರಳಿಗೆ ಮೈಕು, ಕೈಯಲ್ಲಿ ಬಾವುಟ. ಗಾಡಿ ಯಾವಾಗ ಬರುತ್ತದೆ ಎಂದು ಕೇಳಿದೆವು. 'ಇನ್ನ ಹತ್ತೇ ನಿಮಿಷ' ಎಂದ. ಆಮೇಲೆ ದಿನವಿಡೀ ಆ ಹುಡುಗನ ಬಾಯಿಂದ ಬಂದ ಕರಾರುವಾಕ್ಕಾದ ಮಾತು ಅದೊಂದೇ. ಗಾಡಿ ಯಾವಾಗ? ಹತ್ತೇ ನಿಮಿಷ. ತಿಂಡಿ? ಹತ್ತೇ ನಿಮಿಷ. ವಿಜಯನಗರ ಸಾಮ್ರಾಜ್ಯ ಎಷ್ಟು ವರ್ಷ ಬಾಳಿತು ಎಂದು ಕೇಳಿದ್ದರೂ ಅದನ್ನೇ ಹೇಳುತ್ತಿದ್ದನೋ ಏನೋ.

ಹತ್ತಿ ಕೂತ ಮೇಲೆ ಮೈಕಿನಲ್ಲಿ, 'ವಿಜಯನಗರಕ್ಕೆ ನಿಮಗೆಲ್ಲ ಸ್ವಾಗತ' ಎಂದ. ಅಲ್ರೀ, 2021ರ ಅಕ್ಟೋಬರಿನಿಂದ ನಾವು ಇರುವುದೇ ವಿಜಯನಗರ ಜಿಲ್ಲೆಯಲ್ಲಿ! ನಮ್ಮ ಮನೆಗೆ ನಮ್ಮನ್ನೇ ಬರಮಾಡಿಕೊಳ್ಳುವುದಕ್ಕೂ ಟಿಕೆಟ್ಟೇ? ಕಿಟಕಿ ಪಕ್ಕದಲ್ಲಿ ಹರಪನಹಳ್ಳಿಯ ಹಿರಿಯರೊಬ್ಬರಿದ್ದರು. ಹರಪನಹಳ್ಳಿ ಅಂದರೆ 1913ರಲ್ಲಿ ಹಾಸ್ಯ ಸಾಹಿತಿ ಬೀಚಿ ಹುಟ್ಟಿದ ಊರು. ಅಲ್ಲಿಯವರ ಬಾಯಿಗೆ ಸಿಕ್ಕಬಾರದು. ಆ ಹಿರಿಯರು ಅಂದರು: 'ತಮ್ಮಾ, ನಾವು ಬಳ್ಳಾರಿ ಜಿಲ್ಲೇಲಿ ಇದ್ವಿ. 97ರಾಗ ದಾವಣಗೆರೆಗೆ ಹೋದ್ವಿ. ತಿರುಗಿ ಬಳ್ಳಾರಿಗೆ ಬಂದ್ವಿ. ಈಗ ವಿಜಯನಗರ. ಕುಂತಲ್ಲೇ ಕುಂತು ಇಷ್ಟು ದೂರ ಬಂದೀವಿ. ನಿನ್ನ ಗಾಡಿ ಇನ್ನೂ ಮಾಲವಿ ದಾಟಿಲ್ಲ.'

ಗಾಡಿ ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಒಂದು ಕಡೆ ನಿಂತಿತು. ಎರಡೂ ಬದಿಗೆ ಮೆಕ್ಕೆಜೋಳದ ಹೊಲ. 'ಯಾಕಪ್ಪಾ?' 'ಕ್ರಾಸಿಂಗ್. ಹತ್ತೇ ನಿಮಿಷ.' ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಹಂಚಿದಿರಿ. ಮಿರ್ಚಿ ತಣ್ಣಗಾಗಿ ಮೆತ್ತಗಾಗಿತ್ತು. ಅದನ್ನು ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಪಕ್ಕದ ಹಳಿಯ ಮೇಲೆ ಅದಿರಿನ ಗೂಡ್ಸ್ ಬಂತು. ಹಡಗಲಿಯ ಹುಡುಗನೊಬ್ಬ ಡಬ್ಬಿ ಎಣಿಸಲು ಹೋಗಿ, ಸೋತು, ಬಿಟ್ಟುಬಿಟ್ಟ. ಹರಿದ ತಾಡಪಾಲಿನ ಕೆಳಗಿನಿಂದ ಕೆಂಪು ಧೂಳು ಎದ್ದು ಕಿಟಕಿಯ ಸರಳಿನ ಮೇಲೆ, ನಮ್ಮ ಬಿಳಿ ಅಂಗಿಯ ಮೇಲೆ, ಮಂಡಕ್ಕಿಯ ಮೇಲೆ ಕೂತಿತು. ಗೂಡ್ಸ್ ಹೋಯಿತು. ನಾವು ನಿಂತೇ ಇದ್ದೆವು. ಆಮೇಲೆ ಇನ್ನೊಂದು ಬಂತು.

ಹಡಗಲಿಯ ತಾಯಿಯೊಬ್ಬರು ತಮ್ಮೂರಿನ ಮಲ್ಲಿಗೆ ಮುಡಿದು ಬಂದಿದ್ದರು. ರಾಯರ ಕಾಲದಲ್ಲಿ ಹಡಗಲಿಯ ಹೂವು ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹಂಪಿಗೆ ಹೋಗುತ್ತಿತ್ತು ಎಂದು ನಮ್ಮ ಕಡೆ ಹೇಳುತ್ತಾರೆ. ಆ ಹೂವು ಬಾಡದೆ ವಿರೂಪಾಕ್ಷನ ಮುಡಿ ಸೇರುತ್ತಿದ್ದಿರಬೇಕು. ನಿಮ್ಮ ರೈಲಿನಲ್ಲಿ ಹೂವಿನ ಜೊತೆಗೆ ಮುಡಿದವರೂ ಬಾಡಿದರು.

ಹೊಸಪೇಟೆಯಲ್ಲಿ ಇಳಿದಾಗ ನೆತ್ತಿಯ ಮೇಲಿನ ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ. ಅಲ್ಲಿಂದ ಮಿನಿ ಬಸ್ಸು. ಹಂಪಿಯ ಪಾರಂಪರಿಕ ತಾಣ ಯುನೆಸ್ಕೊ ಲೆಕ್ಕದಲ್ಲಿ 4,187 ಹೆಕ್ಟೇರ್. ಉಳಿದಿರುವ ಅವಶೇಷಗಳೇ 1,600ಕ್ಕೂ ಹೆಚ್ಚು. ನಿಮ್ಮ ಗೈಡ್ ಅವನ್ನೆಲ್ಲ ಬಸ್ಸಿನ ಕಿಟಕಿಯಲ್ಲೇ ಮುಗಿಸಿದ. 'ಎಡಕ್ಕೆ ಕಡಲೆಕಾಳು ಗಣೇಶ, ಇಳಿಯೋದು ಬ್ಯಾಡ. ಬಲಕ್ಕೆ ಉಗ್ರ ನರಸಿಂಹ, 1528ರದ್ದು, ಫೋಟೊ ಬಸ್ಸಿನಿಂದಲೇ ಹೊಡ್ಕೊಳ್ರಿ.' ಕಮಲ ಮಹಲಿಗೆ ಟಿಕೆಟ್ ಕೊಡಿಸಿದ. ಅದೇ ದಿನ ಅದೇ ಟಿಕೆಟ್ಟಿನಲ್ಲಿ ವಿಜಯ ವಿಠ್ಠಲ ದೇವಸ್ಥಾನವನ್ನೂ ನೋಡಬಹುದು ಎಂದ. ಇಡೀ ದಿನದಲ್ಲಿ ಕೇಳಿದ ಸಿಹಿ ಸುದ್ದಿ ಅದೊಂದೇ. ಆಮೇಲೆ ಕಮಲಾಪುರದಲ್ಲಿ ಊಟ. ಹತ್ತೇ ನಿಮಿಷ ಅಂದದ್ದು ಅನ್ನ ಬೇಯುವ ತನಕ ನಡೆಯಿತು.

ವಿಠ್ಠಲ ದೇವಸ್ಥಾನದ ದಾರಿಯ ಗೆಜ್ಜಲ ಮಂಟಪದ ಹತ್ತಿರ ಬ್ಯಾಟರಿ ಗಾಡಿಗೆ ಸಾಲು ನಿಂತೆವು. ಸಾಲು ಹನುಮಂತನ ಬಾಲ. ಗೈಡ್ ಗಡಿಯಾರ ನೋಡಿದ, ಮೊಬೈಲ್ ನೋಡಿದ, ನಮ್ಮನ್ನು ನೋಡಿದ. 'ರಿಟರ್ನ್ ಗಾಡಿಗೆ ಹೊತ್ತಾಗ್ತದೆ' ಎನ್ನುತ್ತ ಜೇಬಿಗೆ ಕೈಹಾಕಿ ಐವತ್ತರ ನೋಟು ತೆಗೆದ. ಮೂಲೆ ಹರಿದು ಟೇಪು ಹಚ್ಚಿದ ನೋಟು. ಅದರ ಹಿಂಬದಿ ತಿರುಗಿಸಿ, ಎತ್ತಿ ಹಿಡಿದು, ಮೈಕಿನಲ್ಲಿ ಅಂದ: 'ಇದೇ ನೋಡ್ರಿ ಕಲ್ಲಿನ ರಥ. 2017ರಿಂದ ನೋಟಿನ ಮೇಲೆ ಬಂದದೆ. ಅಲ್ಲಿ ಹೋದರೂ ಇದೇ ಕಾಣೋದು.'

ಎಲ್ಲರೂ ಸುಮ್ಮನಾದರು. ಹರಪನಹಳ್ಳಿಯ ಹಿರಿಯರೇ ಕೇಳಿದರು: 'ಗಾಲಿ ತಿರುಗ್ತಾವೇನಪ್ಪಾ?'

'ಮೊದಲು ತಿರುಗ್ತಿದ್ವಂತ್ರಿ, ಈಗ ಇಲ್ಲ.'

'ಹಂಗಾರ ನೋಟು ಸರಿಯಾಗೇ ಪ್ರಿಂಟ್ ಆಗೇತಿ ಬಿಡು.'

ಸಂಗೀತದ ಕಂಬ? ಅದನ್ನು ಮೊಬೈಲಿನಲ್ಲಿ ಕೇಳಿಸಿದ. ಜಾಹೀರಾತು ಮುಗಿಯುವ ತನಕ ಕಾದು, ಕೇಳಿದೆವು. ಆಮೇಲೆ ನೋಟನ್ನು ಮಡಚಿ ಜೇಬಿಗಿಟ್ಟುಕೊಂಡ. ಅದನ್ನಾದರೂ ನಮ್ಮ ಕೈಗೆ ಕೊಟ್ಟಿದ್ದರೆ ಐದು ತಾಲ್ಲೂಕಿನವರು ಸರದಿಯ ಮೇಲೆ ಮನೆಯಲ್ಲಿಟ್ಟು ಪೂಜೆ ಮಾಡುತ್ತಿದ್ದೆವು. 2008ರಿಂದ 'ಗೋಲ್ಡನ್ ಚಾರಿಯಟ್' ಅನ್ನುವ ಐಷಾರಾಮಿ ರೈಲು ಇದೆಯಲ್ಲ, ಅದಕ್ಕೆ ಹೆಸರು ಕೊಟ್ಟದ್ದು ಇದೇ ಕಲ್ಲಿನ ರಥ. ಆ ಗಾಡಿಯಲ್ಲಿ ಬಂದ ಪರದೇಶದವರಿಗೆ ರಥ. ರಥದ ನೆರಳಲ್ಲೇ ಹುಟ್ಟಿದ ನಮಗೆ ನೋಟು.

ಇಲ್ಲಿಯವರೆಗಿನದನ್ನು ನಕ್ಕು ಮರೆಯುತ್ತಿದ್ದೆ. ಮರೆಯಲಾರದ್ದು ಮುಂದಿದೆ. ರಥ ಬಿಟ್ಟು, ಏದುಸಿರು ಬಿಡುತ್ತ ಹೊಸಪೇಟೆ ಸ್ಟೇಷನ್ನಿಗೆ ಓಡಿ ಬಂದರೆ ಗಾಡಿ ತಡ. ಹತ್ತೇ ನಿಮಿಷ. ಕತ್ತಲಾಯಿತು. ಮಕ್ಕಳು ಚೀಲದ ಮೇಲೆ ಮಲಗಿದವು. ಆ ಸ್ಟೇಷನ್ನಿನ ಮುಂಭಾಗವನ್ನು ಹಂಪಿಯ ಸ್ಮಾರಕಗಳ ಮಾದರಿಯಲ್ಲೇ ಕಟ್ಟಿದ್ದಾರೆ. 2023ರಲ್ಲಿ ಪ್ರಧಾನಿಯವರೇ ಉದ್ಘಾಟಿಸಿದ್ದು. ನಿಮ್ಮ ಪ್ರವಾಸದಲ್ಲಿ ನಾವು ಅತಿ ಹೆಚ್ಚು ಹೊತ್ತು, ಕಣ್ತುಂಬ ನೋಡಿದ ಹಂಪಿ ಅಂದರೆ ಅದೇ, ಸಿಮೆಂಟಿನದು. ನಿಜವಾದ ರಥ ನೋಡಲು ಹೊತ್ತಿರಲಿಲ್ಲ. ನಕಲಿ ಹಂಪಿಯ ಮುಂದೆ ಕೂರಲು ಅರ್ಧ ರಾತ್ರಿ ಇತ್ತು.

ಈಗ ನಗೆಚಾಟಿಕೆ ಸಾಕು. ಗೈಡ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ನಮ್ಮಷ್ಟೇ ಕಾದ. ಸಿಟ್ಟು ಈ ಹಳಿಯ ಮೇಲೆ. ಹೊಸಪೇಟೆ–ಕೊಟ್ಟೂರು ಹಳಿ ಬಿದ್ದದ್ದು 1905ರಲ್ಲಿ. ನಮ್ಮ ಅಜ್ಜಂದಿರು ಮೀಟರ್ ಗೇಜ್ ಗಾಡಿಯಲ್ಲಿ ಕೊಟ್ಟೂರೇಶ್ವರನ ತೇರಿಗೆ ಬಂದು ಹೋದವರು. ತೊಂಬತ್ತರ ದಶಕದಲ್ಲಿ ಹಳಿ ಅಗಲ ಮಾಡುತ್ತೇವೆಂದು ಪ್ಯಾಸೆಂಜರ್ ನಿಲ್ಲಿಸಿದರು. ಹಳಿ ಅಗಲವಾಯಿತು, ಗೂಡ್ಸ್ ಓಡಿತು, ಮನುಷ್ಯರ ಡಬ್ಬಿ ಬರಲಿಲ್ಲ. ಧರಣಿ ಕೂತವರು, ಮನವಿ ಕೊಟ್ಟವರು ಮುದುಕರಾದರು. ಹೊಸಪೇಟೆ–ಹರಿಹರ ಪ್ಯಾಸೆಂಜರ್ ಹೊರಟದ್ದು 2019ರಲ್ಲಿ! ಅಷ್ಟರಲ್ಲಿ ಕೊಟ್ಟೂರು, ಹಗರಿಬೊಮ್ಮನಹಳ್ಳಿಯಲ್ಲಿ ಒಂದು ತಲೆಮಾರಿನ ಮಕ್ಕಳು ರೈಲೆಂದರೆ ಅದಿರು ಹೊರುವ ಡಬ್ಬಿ ಎಂದೇ ತಿಳಿದು ಬೆಳೆದರು. ನಮ್ಮ ನೆಲದ ಮಣ್ಣಿಗೆ ರೈಲಿದೆ, ನೆಲದ ಮೇಲಿನ ಜನಕ್ಕೆ ಕ್ರಾಸಿಂಗ್ ಇದೆ. ಇಷ್ಟೇ ನನ್ನ ತಕರಾರು. ಮಂಡಕ್ಕಿ, ಮಿರ್ಚಿ, ಮೈಕು ಎಲ್ಲ ಮನ್ನಾ. ಇದೊಂದು ಮನ್ನಾ ಆಗುವುದಿಲ್ಲ.

ದಾರಿಯಲ್ಲಿ ನಿಮ್ಮ ಗೈಡ್ ಇನ್ನೊಂದು ಮಾತು ಅಂದಿದ್ದ: 'ನಿಮ್ಮ ಕಡೆ ನೋಡೋದು ಏನೂ ಇಲ್ಲಲ್ಲ.' ವಿಜಯನಗರ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ ನಿಂತಿದ್ದ ಬಾಗಳಿಯ ಕಲ್ಲೇಶ್ವರ ಹರಪನಹಳ್ಳಿಯ ಪಕ್ಕದಲ್ಲೇ ಇದ್ದಾನೆ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನೋಡಲು ಸಾಲು ನಿಲ್ಲಬೇಕಿಲ್ಲ. ಉಜ್ಜಿನಿ ಇದೆ, ಉಚ್ಚಂಗಿದುರ್ಗ ಇದೆ, ಮೈಲಾರ ಇದೆ. ಅವುಗಳ ಚಿತ್ರ ಯಾವ ನೋಟಿನ ಮೇಲೂ ಇಲ್ಲ, ಹಾಗಾಗಿ ಅವನ್ನು ತೋರಿಸಲು ನೀವು ನಿಜವಾಗಿಯೂ ಕರೆದುಕೊಂಡು ಹೋಗಬೇಕಾಗುತ್ತದೆ. ಕಷ್ಟದ ಕೆಲಸ.

ಕೊನೆಗೆ ಬೇಡಿಕೆಗಳು. ಒಂದು: ವಿಠ್ಠಲ ದೇವಸ್ಥಾನ ನೋಡದೆ ವಾಪಸ್ಸಾದ ನಮ್ಮೆಲ್ಲರಿಗೆ ಅಷ್ಟರ ಮಟ್ಟಿಗೆ ಹಣ ಹಿಂದಿರುಗಿಸಿ. ಎರಡು: ಕರಪತ್ರದಿಂದ 'ಹಾಯಾಗಿ' ತೆಗೆಯಿರಿ. ಮೂರನೆಯದು ನಿಮಗಲ್ಲ, ಹಳಿಯನ್ನು ಆಳುವವರಿಗೆ: ಹರಪನಹಳ್ಳಿಯಿಂದ ನಸುಕಿನಲ್ಲಿ ಹೊರಟು, ಬಿಸಿಲೇರುವ ಮೊದಲೇ ಹೊಸಪೇಟೆ ಮುಟ್ಟಿಸಿ, ದೀಪ ಹಚ್ಚುವ ಹೊತ್ತಿಗೆ ಹಿಂದಕ್ಕೆ ಹೊರಡುವ ಒಂದು ಗಾಡಿ ಕೊಡಿ, ಅದು ಹಳಿಯ ಮೇಲಿರುವಾಗ ಅದಿರು ಕಾಯಲಿ. ಕೂಡ್ಲಿಗಿಗೂ ಹಡಗಲಿಗೂ ಹಳಿ ಹಾಕುವ ಮಾತನ್ನು ಚುನಾವಣೆ ಇಲ್ಲದ ವರ್ಷದಲ್ಲೂ ಒಮ್ಮೆ ಎತ್ತಿ.

ಓದುಗರೇ, ಈ ಮೂರನೆಯ ಬೇಡಿಕೆ ನಿಮ್ಮದೂ ಆಗಿದ್ದರೆ ನಿಮ್ಮೂರಿನಿಂದಲೂ ಒಂದು ಅರ್ಜಿ ಬರೆದು ಹಾಕಿ. ಅದು ಆಗುವ ತನಕ ಹಂಪಿಗೆ ಹೋಗುವ ಮನಸ್ಸಾದರೆ ಬೆಳಗಿನ ಮೊದಲ ಬಸ್ ಹತ್ತಿ, ಮೊದಲು ವಿಠ್ಠಲ ದೇವಸ್ಥಾನಕ್ಕೇ ಹೋಗಿ, ಮಿಕ್ಕದ್ದೆಲ್ಲ ಆಮೇಲೆ.

ಇಂತಿ,
ಕೂಡ್ಲಿಗಿಯ ಒಬ್ಬ ಟಿಕೆಟ್ ಖರೀದಿದಾರ